ತಾನಾಗಿ ಹೋಗದ ಫೈಲು

ದೊಡ್ಡವಳ ಹೊಟ್ಟೆಕಿಚ್ಚಿಗೆ ಕಡ್ಡಿ ಗೀರಿದ್ದು ದೊಡ್ಡವಳೇ. ಬೇರೆ ಯಾರಾದರೂ ಗೀರಿದ್ದರೆ ಅವರನ್ನು ಬೈದುಕೊಂಡು ಹಾಯಾಗಿರಬಹುದಿತ್ತು, ಆ ಸುಖವೂ ಅವಳ ಪಾಲಿಗೆ ಇರಲಿಲ್ಲ. ಮೈದುನನ ಮದುವೆಯಾದ ಹೊಸದರಲ್ಲಿ ಅವನ ಹೆಂಡತಿ, ಅಂದರೆ ಚಿಕ್ಕವಳು, ಕೆಲಸವಿಲ್ಲದೆ ಮನೆಯಲ್ಲಿ ಕೂತು, ಒರೆಸಿದ ಕಿಟಕಿಯನ್ನೇ ಮತ್ತೆ ಒರೆಸುತ್ತಿದ್ದಳು. ನೆಟ್‌ವರ್ಕ್ ಓದಿಕೊಂಡ ಹುಡುಗಿ, ಹೀಗೇ ಬಿಟ್ಟರೆ ಓದಿದ್ದೆಲ್ಲ ತುಕ್ಕು ಹಿಡಿದೀತು ಅಂತ ಕನಿಕರಪಟ್ಟು, ತನ್ನ ಆಫೀಸಿನ ಮ್ಯಾನೇಜರ ಬೆನ್ನು ಬಿದ್ದು, ಅವಳಿಗೆ ತನ್ನ ಪಕ್ಕದ ಮೇಜಿನಲ್ಲೇ ಕೆಲಸ ಕೊಡಿಸಿದವಳು ದೊಡ್ಡವಳೇ. ಅವತ್ತು ಅತ್ತೆ ಬಾಗಿಲ ತನಕ ಬಂದು, ಹಿರಿಸೊಸೆಯಂದರೆ ಹೀಗಿರಬೇಕು ಅಂತ ಹೊಗಳಿ ಕಳಿಸಿದ್ದರು. ಆಮೇಲೆ ಅತ್ತೆಯ ಬಾಯಿಂದ ಅಂಥ ಮಾತು ಕೇಳಿದ್ದು ಅವಳಿಗೆ ನೆನಪಿಲ್ಲ.

ಆ ಆಫೀಸಿನ ಕೆಲಸ ಸ್ಕ್ಯಾನ್ ಓದಿಸುವುದು. ಆಸ್ಪತ್ರೆಗಳಿಂದ ತಲೆ, ಎದೆ, ಬೆನ್ನುಮೂಳೆಯ ಚಿತ್ರಗಳು ಬರುತ್ತವೆ. ತಮ್ಮ ತಮ್ಮ ಮನೆಯಲ್ಲಿ ಕೂತ ಡಾಕ್ಟರುಗಳು ಕಂಪ್ಯೂಟರಿನಲ್ಲೇ ಅವನ್ನು ನೋಡಿ ವರದಿ ಬರೆಯುತ್ತಾರೆ. ಡಾಕ್ಟರುಗಳು ಹೊರಗಿನಿಂದ ಒಳಗೆ ಬರುವ ಬಾಗಿಲನ್ನು ಕಾಯುವುದು ಫೈರ್‌ವಾಲ್ ಅನ್ನುವ ಚಪ್ಪಟೆ ಪೆಟ್ಟಿಗೆ. ಒಂದೇ ಇದ್ದು ಅದು ಮುನಿಸಿಕೊಂಡರೆ ಎಲ್ಲರ ಕೆಲಸಕ್ಕೂ ಕಲ್ಲು ಬೀಳುತ್ತದೆ ಅಂತ ಎರಡು ಇಟ್ಟಿದ್ದರು. ಒಂದು ದುಡಿಯುತ್ತದೆ, ಇನ್ನೊಂದು ಅದರ ಮುಖವನ್ನೇ ನೋಡುತ್ತ ಕಾಯುತ್ತದೆ. ಮೊದಲನೆಯದು ಬಿದ್ದರೆ ಎರಡನೆಯದು ಕಣ್ಣು ಮಿಟುಕಿಸುವುದರೊಳಗೆ ಎದ್ದು ಅದರ ಕೆಲಸ ಹಿಡಿಯುತ್ತದೆ, ಹೊರಗಿನವರಿಗೆ ಬದಲಾದದ್ದೂ ತಿಳಿಯುವುದಿಲ್ಲ. ಕೇಬಲ್ ಎಳೆಯುವವನು ತಮಾಷೆಗೆ ಆ ಜೋಡಿಗೆ ‘ಓರಗಿತ್ತಿಯರು’ ಅಂತ ಹೆಸರಿಟ್ಟಿದ್ದ. ಎಲ್ಲರೂ ನಕ್ಕಿದ್ದರು, ಚಿಕ್ಕವಳಂತೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ದೊಡ್ಡವಳು ಹಲ್ಲು ತೋರಿಸಿದ್ದಳು, ಅಷ್ಟೇ.

ಚಿಕ್ಕವಳ ಮೇಲೆ ಹೇಳಿಕೊಳ್ಳುವಂಥ ದೂರು ಏನಾದರೂ ಇತ್ತೇ ಅಂದರೆ ಇರಲಿಲ್ಲ, ಅದೇ ದೊಡ್ಡ ಕಷ್ಟ. ಸೋಮಾರಿಯಲ್ಲ, ಜಂಬವಿಲ್ಲ, ಮಾತು ಮೆತ್ತಗೆ. ಡಾಕ್ಟರುಗಳು ಫೋನ್ ಮಾಡಿದರೆ, ಅವರಿಗೆ ಬಾರದ್ದನ್ನು ಬಾರದು ಅಂತ ಅನ್ನಿಸದ ಹಾಗೆ ಹೇಳಿಕೊಡುತ್ತಿದ್ದಳು. ಬರಬರುತ್ತ ಅವರು ಫೋನ್ ಎತ್ತಿದವಳು ದೊಡ್ಡವಳು ಅಂತ ಗೊತ್ತಾದ ಕೂಡಲೇ, ಆ ಇನ್ನೊಬ್ಬ ಮೇಡಮ್ ಇದ್ದಾರಾ ಅಂತ ಕೇಳತೊಡಗಿದರು. ವರ್ಷಗಟ್ಟಲೆ ಆ ಬಾಗಿಲು ಕಾದವಳು ಯಾರು, ನಿನ್ನೆ ಮೊನ್ನೆ ಬಂದವಳು ಯಾರು! ದೊಡ್ಡವಳು ರಿಸೀವರನ್ನು ಪಕ್ಕದ ಮೇಜಿಗೆ ದಾಟಿಸುವಾಗ ಅದು ಸ್ವಲ್ಪ ಜೋರಾಗಿಯೇ ಸದ್ದು ಮಾಡುತ್ತಿತ್ತು.

ಮನೆಯಲ್ಲೂ ಅದೇ ಹಾಡು. ಅತ್ತೆಯ ಫೋನು ಕೈಕೊಟ್ಟರೆ ಚಿಕ್ಕವಳು ಬೇಕು, ಮಾವನ ಮಾತ್ರೆಯ ಹೊತ್ತು ನೆನಪಿಸಲು ಚಿಕ್ಕವಳು ಬೇಕು. ಅದನ್ನೆಲ್ಲ ದೊಡ್ಡವಳು ಹೇಗೋ ನುಂಗಿಕೊಂಡಿದ್ದಳು. ಆದರೆ ಒಂದು ಸಂಜೆ ಟೀವಿ ಪದೇ ಪದೇ ನಿಂತು ನಿಂತು ಬರುತ್ತಿದ್ದಾಗ, ಇವಳ ಗಂಡ, ಇವಳು ಪಕ್ಕದಲ್ಲೇ ಕೂತು ಬಟ್ಟೆ ಮಡಿಸುತ್ತಿದ್ದರೂ, ಒಳಗಿನ ಕೋಣೆಯ ಕಡೆ ತಿರುಗಿ, “ಏನಮ್ಮ, ಈ ವೈಫೈ ಯಾಕೆ ಹಿಂಗಾಡ್ತಿದೆ, ಸ್ವಲ್ಪ ನೋಡ್ತೀಯಾ?” ಅಂತ ತಮ್ಮನ ಹೆಂಡತಿಯನ್ನು ಕೂಗಿದ. ಹದಿಮೂರು ಊರುಗಳ ನೆಟ್‌ವರ್ಕ್ ನೋಡಿಕೊಳ್ಳುವ ಹೆಂಡತಿ ಪಕ್ಕದಲ್ಲಿ ಇವನ ಬನಿಯನ್ ಮಡಿಸುತ್ತಿದ್ದಾಳೆ! ಅವತ್ತು ದೊಡ್ಡವಳ ಮೈ ಧಗಧಗ ಉರಿಯಿತು. ಆ ಬನಿಯನ್ನನ್ನು ಬಿಡಿಸಿ ಮತ್ತೆ ಮಡಿಸಿ, ಮತ್ತೆ ಬಿಡಿಸಿ, ಕೊನೆಗೆ ಉಂಡೆ ಮಾಡಿ ಅವನ ಕಪಾಟಿಗೆ ತುರುಕಿದಳು.

ಊರೆಲ್ಲ ಚಿಕ್ಕವಳನ್ನು ಕೇಳಿದರೆ, ಚಿಕ್ಕವಳು ಮಾತ್ರ ಎಲ್ಲದಕ್ಕೂ ದೊಡ್ಡವಳನ್ನೇ ಕೇಳುತ್ತಿದ್ದಳು. ಕುರ್ಚಿಯನ್ನು ಎಳೆದುಕೊಂಡು ಬಂದು, “ಅಕ್ಕ, ಇದು ಹೀಗೇ ಅಲ್ವಾ?” ಅನ್ನುವಳು. ದೊಡ್ಡವಳು ಹೌದೆಂದರೆ ಹೌದು, ಅಲ್ಲವೆಂದರೆ ಅಲ್ಲ, ಎರಡನೆಯ ಮಾತಿಲ್ಲ. ಹಾಗೆ ಕೇಳಿ ಹೇಳಿಸಿಕೊಂಡದ್ದನ್ನೇ ಇವಳು ಡಾಕ್ಟರುಗಳಿಗೆ ನಗುನಗುತ್ತ ಹೇಳಿ ಹೆಸರು ತೆಗೆದುಕೊಳ್ಳುತ್ತಾಳಲ್ಲ ಅಂತ ದೊಡ್ಡವಳಿಗೆ ಅದಕ್ಕೂ ಸಂಕಟ. ಹೊಟ್ಟೆಕಿಚ್ಚಿಗೆ ಯಾವ ಸೌದೆಯಾದರೂ ಆಗುತ್ತದೆ.

ಹೀಗಿರುವಾಗ ಮ್ಯಾನೇಜರಿಗೆ ಮುಖ್ಯ ಕಚೇರಿಗೆ ವರ್ಗವಾಯಿತು. ಅವರ ಕುರ್ಚಿ ಇಬ್ಬರಲ್ಲಿ ಒಬ್ಬರಿಗೆ ಅಂತ ಎಲ್ಲರಿಗೂ ಗೊತ್ತಿತ್ತು. ಮೊದಲಾಗಿದ್ದರೆ ಕೇಳುವ ಮಾತೇ ಇರಲಿಲ್ಲ. ಈಗ ಮ್ಯಾನೇಜರು ಕೆನ್ನೆ ಕೆರೆದುಕೊಂಡು, ಶನಿವಾರ ಪೆಟ್ಟಿಗೆಗಳ ಅದಲುಬದಲಿನ ಪರೀಕ್ಷೆ ಇದೆಯಲ್ಲ, ಈ ಸಲ ಅದನ್ನು ಪೂರ್ತಿ ಚಿಕ್ಕವಳೇ ನಡೆಸಲಿ, ಆಮೇಲೆ ನೋಡೋಣ ಅಂದರು. ಆ ‘ಆಮೇಲೆ’ಯ ಅರ್ಥ ತಿಳಿಯದಷ್ಟು ದಡ್ಡಿಯಲ್ಲ ದೊಡ್ಡವಳು. ಪರೀಕ್ಷೆ ಸುಸೂತ್ರವಾದರೆ ಕುರ್ಚಿ ಕೈತಪ್ಪಿತು. ಮನೆಯಲ್ಲಿ ಹೋದ ಪಟ್ಟ ಆಫೀಸಿನಲ್ಲೂ ಹೋಗುತ್ತದೆ, ನಾಳೆಯಿಂದ ರಜೆ ಬೇಕಾದರೂ ಓರಗಿತ್ತಿಯನ್ನೇ ಕೇಳಬೇಕು.

ಪರೀಕ್ಷೆಯ ಜೊತೆಗೆ ಒಂದು ಹೊಸ ಫೈಲನ್ನೂ ಹಾಕಬೇಕಾಗಿತ್ತು. ಒಳಗೆ ಬರುವ ಡಾಕ್ಟರಿಗೆ ಪೆಟ್ಟಿಗೆ ತನ್ನ ಗುರುತು ತೋರಿಸುವುದು ಈ ಫೈಲಿನಿಂದ. ಹಳೆಯದರ ಅವಧಿ ಶುಕ್ರವಾರಕ್ಕೆ ಮುಗಿಯುತ್ತಿತ್ತು, ಆಮೇಲೆ ಅದನ್ನು ತೋರಿಸಿದರೆ ಯಾರ ಕಂಪ್ಯೂಟರೂ ನಂಬುವುದಿಲ್ಲ. ಈ ಜೋಡಿ ಪೆಟ್ಟಿಗೆಗಳಲ್ಲಿ ಒಂದು ಕಿತಾಪತಿ ಇದೆ. ಮೊದಲನೆಯದರಲ್ಲಿ ಸೆಟ್ಟಿಂಗ್ ಏನೇ ಬದಲಿಸಿ, ಅದು ತಾನಾಗಿ ಎರಡನೆಯದಕ್ಕೆ ಹೋಗುತ್ತದೆ. ಆದರೆ ಡಿಸ್ಕಿನಲ್ಲಿ ಇಟ್ಟ ಫೈಲು ಹೋಗುವುದಿಲ್ಲ. ಅದನ್ನು ಮನುಷ್ಯರೇ ಎರಡನೆಯದಕ್ಕೂ ಕಾಪಿ ಮಾಡಬೇಕು. ಮರೆತರೂ ಪರದೆಯ ಮೇಲೆ ಎರಡೂ ಸರಿಸಮ ಇವೆ ಅಂತಲೇ ಹಸಿರಾಗಿ ತೋರಿಸುತ್ತದೆ, ಬಣ್ಣ ಬಯಲಾಗುವುದು ಅದಲುಬದಲಾದಾಗಲೇ. ಹೊಸದರಲ್ಲಿ ದೊಡ್ಡವಳೂ ಒಮ್ಮೆ ಹೀಗೆ ಮುಗ್ಗರಿಸಿ, ಮ್ಯಾನೇಜರ ಕೈಲಿ ಚೆನ್ನಾಗಿ ಉಗಿಸಿಕೊಂಡಿದ್ದಳು.

ಬುಧವಾರ ಚಿಕ್ಕವಳು ಎಂದಿನಂತೆ ಕುರ್ಚಿ ಎಳೆದುಕೊಂಡು ಬಂದಳು. ಹೊಸ ಫೈಲನ್ನು ಹಳೆಯ ಹೆಸರಿನಲ್ಲೇ ಹಾಕುತ್ತೇನೆ, ಅಕ್ಕ ಹೇಳಿಕೊಟ್ಟ ಹಾಗೆ, ಆಗ ಸೆಟ್ಟಿಂಗ್ ಮುಟ್ಟುವ ತಾಪತ್ರಯ ಇರುವುದಿಲ್ಲ ಅಂತೆಲ್ಲ ವಿವರಿಸಿದಳು.

“ಮೊದಲನೇದಕ್ಕೆ ಹಾಕಿದ್ರೆ ಸಾಕಲ್ವಾ ಅಕ್ಕ? ಎರಡನೇದಕ್ಕೆ ನಾನೇನಾದ್ರೂ ಮಾಡ್ಬೇಕಾ?”

ದೊಡ್ಡವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ. ನಾಲಿಗೆಯ ತುದಿಯಲ್ಲಿ ಉತ್ತರ ಇತ್ತು. ಅದರ ಬದಲು ಅವಳ ಕಣ್ಣೆದುರು ಬಂದದ್ದು ಟೀವಿ ಮುಂದೆ ಕೂತು ಒಳಗಿನ ಕೋಣೆಗೆ ಕೂಗುತ್ತಿದ್ದ ಗಂಡನ ಕತ್ತು.

“ಏನೂ ಬೇಡ. ಎಲ್ಲಾ ತಾನಾಗೇ ಹೋಗುತ್ತೆ.”

ಚಿಕ್ಕವಳು ಸಮಾಧಾನವಾಗಿ ಎದ್ದು ಹೋದಳು. ದೊಡ್ಡವಳಿಗೆ ಆ ಕ್ಷಣಕ್ಕೆ ನಿಜವಾಗಿಯೂ ಖುಷಿಯಾಯಿತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ತಾನು ಯಾರ ಕೈಯನ್ನೂ ತಿರುಚಿಲ್ಲ, ಒಂದು ಮಾತು ಹೇಳಿದ್ದೇನೆ, ಅದೂ ಮುಕ್ಕಾಲು ಪಾಲು ನಿಜ, ಸೆಟ್ಟಿಂಗ್ ಹೋಗುತ್ತದಲ್ಲ ಅಂತ ತನಗೆ ತಾನೇ ವಕೀಲಿಕೆ ಮಾಡಿಕೊಂಡಳು. ಗುರುವಾರ ಚಿಕ್ಕವಳು ಹೊಸ ಫೈಲನ್ನು ಮೊದಲ ಪೆಟ್ಟಿಗೆಗೆ ಹಾಕಿದಳು. ಡಾಕ್ಟರುಗಳು ಸಲೀಸಾಗಿ ಒಳಗೆ ಬಂದರು. ಎರಡನೆಯ ಪೆಟ್ಟಿಗೆ ಹಳೆಯ ಫೈಲನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಿತ್ತು.

ಶುಕ್ರವಾರ ಸಂಜೆ ಆ ಖುಷಿ ಕೆಟ್ಟಿತು. ದೊಡ್ಡವಳು ಬಾಲ್ಕನಿಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಒಳಗೆ ಅತ್ತೆ ಚಿಕ್ಕವಳಿಗೆ, ನಾಳೆ ಅಷ್ಟು ದೊಡ್ಡ ಕೆಲಸ ಒಬ್ಬಳೇ ಮಾಡಬೇಕಂತೆ, ಎದೆ ಹೊಡೆದುಕೊಳ್ಳುವುದಿಲ್ಲವೇ ಅಂತ ಕೇಳುತ್ತಿದ್ದರು.

“ಇಲ್ಲತ್ತೆ. ಎಲ್ಲಾ ಅಕ್ಕನ್ನ ಕೇಳ್ಕೊಂಡೇ ಮಾಡಿದೀನಿ. ತಪ್ಪಿದ್ರೆ ಅಕ್ಕ ಹೇಳದೆ ಇರ್ತಿದ್ರಾ?”

ದೊಡ್ಡವಳ ಕೈಯಿಂದ ಬಟ್ಟೆ ಕ್ಲಿಪ್ಪು ಜಾರಿ ಕೆಳಗಿನ ಮನೆಯವರ ಗಿಡದ ಕುಂಡಕ್ಕೆ ಬಿತ್ತು. ಬೈದಿದ್ದರೆ ಬೈಗುಳ ತಿರುಗಿಸಬಹುದಿತ್ತು. ಇದನ್ನು ಎಲ್ಲಿಗೆ ತಿರುಗಿಸುವುದು? ಒಳಗೆ ಹೋಗಿ, ನೋಡು, ಫೈಲು ತಾನಾಗಿ ಹೋಗುವುದಿಲ್ಲ, ಎರಡನೆಯದಕ್ಕೂ ಹಾಕು ಅಂದರೆ ಮುಗಿಯುತ್ತಿತ್ತು. ಆದರೆ ಹಾಗಾದರೆ ಬುಧವಾರ ಯಾಕೆ ಹಾಗೆ ಹೇಳಿದಿರಿ ಅಂತ ಕೇಳಿದರೆ? ಮರೆತಿದ್ದೆ ಅಂದರೆ, ಅದನ್ನೂ ಮರೆಯುವಂಥವಳಿಗೆ ಕುರ್ಚಿ ಯಾಕೆ ಅಂತಾಗುತ್ತದೆ. ಅವಳಿಗೆ ಓರಗಿತ್ತಿ ಬೀಳುವುದೂ ಬೇಡವಾಗಿತ್ತು, ಗೆಲ್ಲುವುದೂ ಬೇಡವಾಗಿತ್ತು. ಬಟ್ಟೆಯ ರಾಶಿಯನ್ನು ತಬ್ಬಿಕೊಂಡು ನಿಂತೇ ಒಂದು ಉಪಾಯ ಹುಡುಕಿದಳು. ನಾಳೆ ಎಲ್ಲರಿಗಿಂತ ಮುಂಚೆ ಹೋಗಿ, ಯಾರಿಗೂ ತಿಳಿಯದ ಹಾಗೆ, ತಾನೇ ಆ ಫೈಲನ್ನು ಕಾಪಿ ಮಾಡಿಬಿಡುವುದು.

ಶನಿವಾರ ಬೆಳಿಗ್ಗೆ ಎದ್ದಾಗ ಚಿಕ್ಕವಳು ಆಗಲೇ ಹೊರಟುಹೋಗಿದ್ದಳು. ದೊಡ್ಡವಳು ಗಂಡನನ್ನು ಎಬ್ಬಿಸಿ, ಗೊಣಗುತ್ತಿದ್ದವನನ್ನು ಸ್ಕೂಟರ್ ಹತ್ತಿಸಿ, ಆಫೀಸಿಗೆ ಬಂದಳು. ಚಿಕ್ಕವಳ ಚೀಲ ಕುರ್ಚಿಯ ಮೇಲಿತ್ತು, ಅವಳು ಇರಲಿಲ್ಲ. ಕೆಳಗೆ ಟೀ ಕುಡಿಯಲು ಹೋಗಿದ್ದಾಳೆ ಅಂತ ಬಾಗಿಲ ಕಾವಲಿನವನು ಹೇಳಿದ. ಇದಕ್ಕಿಂತ ಒಳ್ಳೆಯ ಹೊತ್ತು ಸಿಕ್ಕುವುದಿಲ್ಲ ಅಂತ ದೊಡ್ಡವಳು ಚಪ್ಪಲಿಯನ್ನೂ ಬಿಡದೆ ಮೇಜಿಗೆ ಕೂತಳು.

ದುಡಿಯುವ ಪೆಟ್ಟಿಗೆಗೆ ಒಂದು ವಿಳಾಸ, ಕಾಯುವ ಪೆಟ್ಟಿಗೆಗೆ ಇನ್ನೊಂದು. ಅವಳ ಬೆರಳುಗಳಿಗೆ ಅವೆರಡೂ ಬಾಯಿಪಾಠ. ದುಡಿಯುವುದರ ಒಳಹೊಕ್ಕು, ಅಲ್ಲಿರುವ ಫೈಲನ್ನು ಕಾಯುವುದಕ್ಕೆ ಕಳಿಸು ಅಂತ ಟೈಪ್ ಮಾಡಿದಳು. ಅಲ್ಲಿ ಇದೇ ಹೆಸರಿನ ಫೈಲು ಆಗಲೇ ಇದೆ, ಅದರ ಮೇಲೆಯೇ ಬರೆಯಲೇ ಅಂತ ಯಂತ್ರ ಕೇಳಿತು. ಮೆಟ್ಟಿಲಲ್ಲಿ ಹೆಜ್ಜೆ ಸದ್ದು ಕೇಳಿಸಿತು. ‘ಬರಿ’ ಅಂದಳು. ಫೈಲಿನ ತಾರೀಕು ನೋಡದೆ ‘ಬರಿ’ ಅನ್ನಬೇಡ ಅಂತ ಚಿಕ್ಕವಳಿಗೆ ನೂರು ಸಲ ಹೇಳಿದವಳು ಇವಳೇ. ಕೆಲಸ ಮುಗಿಯಿತು ಅಂತ ಪರದೆ ಹೇಳಿತು, ದೊಡ್ಡವಳು ಆ ಪುಟ ಮುಚ್ಚಿ, ಬಾಟಲಿಯ ನೀರನ್ನು ಗಟಗಟ ಕುಡಿದಳು. ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು, ಸ್ವಲ್ಪ ದೊಡ್ಡ ಮನಸ್ಸಿನವಳು ತಾನು ಅಂತಲೂ ಅನ್ನಿಸಿತು.

ಮ್ಯಾನೇಜರು ಬಂದು ಕೂತ ಮೇಲೆ ಡಾಕ್ಟರುಗಳಿಗೆ ಒಳಗೆ ಬನ್ನಿ ಅಂತ ಸಂದೇಶ ಹೋಯಿತು. ಒಬ್ಬರೂ ಬರಲಿಲ್ಲ. ಪರೀಕ್ಷೆ ಇನ್ನೂ ಶುರುವೇ ಆಗಿರಲಿಲ್ಲ, ಮೊದಲ ಪೆಟ್ಟಿಗೆಯೇ ದುಡಿಯುತ್ತಿತ್ತು, ಆದರೂ ಬಾಗಿಲು ಗಟ್ಟಿಯಾಗಿ ಮುಚ್ಚಿಕೊಂಡಿತ್ತು. ಚಿಕ್ಕವಳು ಗಾಬರಿಯಾಗಿ ಎರಡನೆಯದಕ್ಕೆ ಬದಲಿಸಿದಳು, ಅಲ್ಲೂ ಅಷ್ಟೇ. ಮೂರು ಫೋನುಗಳು ಒಟ್ಟಿಗೆ ಬಡಿದುಕೊಳ್ಳತೊಡಗಿದವು. ಅಪಘಾತವಾದವನ ತಲೆಯ ಸ್ಕ್ಯಾನ್ ಬಂದು ಬಿದ್ದಿದೆ, ಓದುವವರು ಯಾರು ಅಂತ ಒಂದು ಆಸ್ಪತ್ರೆಯವರು ಮ್ಯಾನೇಜರನ್ನು ಹಿಡಿದು ಜಾಡಿಸಿದರು. ಮ್ಯಾನೇಜರು ಹತ್ತಿರದ ಒಬ್ಬ ಡಾಕ್ಟರನ್ನು ನೇರವಾಗಿ ಆಸ್ಪತ್ರೆಗೇ ಓಡಿಸಿ, ಬೆವರು ಒರೆಸಿಕೊಂಡು ಬಂದು, ಎರಡೂ ಪೆಟ್ಟಿಗೆಗಳನ್ನು ತೆರೆಸಿ ನೋಡಿದರು.

“ಎರಡರಲ್ಲೂ ಹಳೇದೇ ಇದೆಯಲ್ಲಮ್ಮ. ಗುರುವಾರ ನೀನು ಹಾಕಿದ್ದು ಯಾವುದು?”

ಹೊಸದನ್ನೇ ಹಾಕಿದ್ದೆ ಅಂದಳು ಚಿಕ್ಕವಳು. ಹಾಕಿದ್ದಕ್ಕೆ ಸಾಕ್ಷಿ ಏನಿದೆ? ಹಳೆಯದಕ್ಕೂ ನಿನ್ನೆಯ ತನಕ ಅವಧಿ ಇತ್ತು, ಡಾಕ್ಟರುಗಳು ಅದರಿಂದಲೂ ಒಳಗೆ ಬಂದಿರಬಹುದು. ಇವತ್ತು ಬೆಳಿಗ್ಗೆ ಏನಾದರೂ ಮುಟ್ಟಿದೆಯಾ ಅಂತ ಮ್ಯಾನೇಜರು ಕೇಳಿದರು. ಹೌದು, ಬೇಗ ಬಂದು, ಒಂದು ಸಲ ಅಭ್ಯಾಸಕ್ಕೆ ಅಂತ ಪೆಟ್ಟಿಗೆಗಳನ್ನು ಅದಲುಬದಲು ಮಾಡಿದ್ದೆ, ಆ ಹೊತ್ತಿಗೆ ಡಾಕ್ಟರುಗಳು ಯಾರೂ ಒಳಗೆ ಬಂದಿರಲಿಲ್ಲ, ಆಸ್ಪತ್ರೆಗಳ ಯಾವ ಲೈನೂ ಕಡಿಯಲಿಲ್ಲ, ಹಾಗೇ ಬಿಟ್ಟು ಟೀ ಕುಡಿದು ಬಂದು ವಾಪಸ್ ಹಾಕಿದೆ ಅಂದಳು.

ದೊಡ್ಡವಳಿಗೆ ಆಗ ಹೊಳೆಯಿತು. ವಿಳಾಸ ಪೆಟ್ಟಿಗೆಗೆ ಅಂಟಿಕೊಂಡಿರುವುದಿಲ್ಲ, ಕೆಲಸಕ್ಕೆ ಅಂಟಿಕೊಂಡಿರುತ್ತದೆ. ಕುರ್ಚಿ ಇದ್ದಲ್ಲೇ ಇರುತ್ತದೆ, ಕೂತವರು ಬದಲಾಗುತ್ತಾರೆ. ತಾನು ಬೆಳಿಗ್ಗೆ ಒಳಹೊಕ್ಕಾಗ ದುಡಿಯುತ್ತಿದ್ದದ್ದು ಎರಡನೆಯ ಪೆಟ್ಟಿಗೆ. ಅದರ ಹಳೆಯ ಫೈಲನ್ನು ಎತ್ತಿ ಮೊದಲನೆಯದರ ಹೊಸ ಫೈಲಿನ ಮೇಲೆ ತಾನೇ ಬರೆದಿದ್ದಳು, ಸ್ವಂತ ಕೈಯಿಂದ, ಚಪ್ಪಲಿ ಕೂಡ ಬಿಡದೆ.

ಹೊಸ ಫೈಲು ಚಿಕ್ಕವಳ ಲ್ಯಾಪ್‌ಟಾಪಿನಲ್ಲಿ ಇದ್ದೇ ಇತ್ತು. ಅವಳು ಅದನ್ನು ಎರಡು ಪೆಟ್ಟಿಗೆಗೂ ಹಾಕಿದಳು, ಡಾಕ್ಟರುಗಳು ಬಂದರು, ಫೋನುಗಳು ಸುಮ್ಮನಾದವು. ಮ್ಯಾನೇಜರು ಬೈಯಲಿಲ್ಲ, ಬೈದಿದ್ದರೇ ವಾಸಿ ಅನ್ನುವ ಹಾಗೆ ಕೆನ್ನೆ ಕೆರೆದುಕೊಂಡರು.

“ನಾನೇ ಹಳೇದನ್ನ ಹಾಕಿದೀನೇನೋ ಸರ್,” ಅಂದಳು ಚಿಕ್ಕವಳು ಕೊನೆಗೆ. “ಹೊಸದು ಅಂತಲೇ ನೆನಪು. ಆದ್ರೆ ತಪ್ಪು ನಂದೇ ಇರ್ಬೇಕು.”

ದೊಡ್ಡವಳು ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದರೆ ಸಾಕಾಗಿತ್ತು. ಕುರ್ಚಿ ತಾನಾಗಿ ನಡೆದುಕೊಂಡು ಅವಳ ಹತ್ತಿರ ಬರುತ್ತಿತ್ತು. ಅವಳು ಒಳ್ಳೆಯವಳು ಅಂತ ಬಾಯಿ ಬಿಟ್ಟಳೆಂದು ಯಾರೂ ತಿಳಿಯಬೇಕಾಗಿಲ್ಲ. ಓರಗಿತ್ತಿ ಅತ್ತಿದ್ದರೆ ಪ್ರಾಯಶಃ ತಡೆದುಕೊಳ್ಳುತ್ತಿದ್ದಳು. ಆದರೆ ಸರಿಯಾಗಿ ಮಾಡಿದ ಕೆಲಸವನ್ನು ಒಬ್ಬಳು ತನ್ನ ಬಾಯಾರೆ ತಪ್ಪು ಅಂತ ಒಪ್ಪಿಕೊಳ್ಳುವುದನ್ನು, ಅದೂ ತಾನೇ ಕಲಿಸಿದವಳು ಹಾಗೆ ಒಪ್ಪಿಕೊಳ್ಳುವುದನ್ನು ಕೇಳಿಕೊಂಡು ಕೂರಲು ಅವಳಿಗೆ ಆಗಲಿಲ್ಲ.

“ಅವಳು ಹಾಕಿದ್ದು ಹೊಸದೇ ಸರ್. ಬೆಳಿಗ್ಗೆ ಬಂದು ಅದರ ಮೇಲೆ ಹಳೇದನ್ನ ಬರೆದವಳು ನಾನು.”

ನಡೆದದ್ದನ್ನು ಹೇಳಿದಳು. ಫೈಲು ತಾನಾಗಿ ಹೋಗುವುದಿಲ್ಲ ಅಂತ ಕಾಪಿ ಮಾಡಲು ಹೋದದ್ದು, ಅದಲುಬದಲಾಗಿದ್ದು ಗೊತ್ತಿಲ್ಲದೆ ಉಲ್ಟಾ ಮಾಡಿದ್ದು, ಎಲ್ಲ. ಬುಧವಾರದ ಮಾತೊಂದನ್ನು ಮಾತ್ರ ಹೇಳಲಿಲ್ಲ. ಮ್ಯಾನೇಜರ ಮುಖ ಅರಳಿತು. ಅವರಿಗೆ ಕಂಡದ್ದು ಇಷ್ಟೇ: ಚಿಕ್ಕವಳು ಮರೆತದ್ದನ್ನು ದೊಡ್ಡವಳು ಸದ್ದಿಲ್ಲದೆ ಸರಿಮಾಡಲು ಹೋಗಿ ಎಡವಿದ್ದಾಳೆ, ಎಡವಿದ್ದನ್ನು ಮುಚ್ಚಿಡದೆ ಹೇಳಿದ್ದಾಳೆ. ಅನುಭವ ಅಂದರೆ ಇದು, ಹೊಣೆ ಅಂದರೆ ಇದು ಅಂತ ಎಲ್ಲರ ಎದುರಿಗೇ ಹೊಗಳಿದರು. ಅಭ್ಯಾಸ ಮಾಡಿದ್ದನ್ನು ಅಕ್ಕನಿಗೆ ಒಂದು ಮಾತು ಹೇಳಬಾರದಿತ್ತೇನಮ್ಮ ಅಂತ ಚಿಕ್ಕವಳಿಗೇ ಮೆತ್ತಗೆ ಚುಚ್ಚಿದರು. ಸೋಮವಾರದಿಂದ ಈ ಕುರ್ಚಿಯನ್ನು ನೀವೇ ನೋಡಿಕೊಳ್ಳಿ ಅಂತ ದೊಡ್ಡವಳ ಕೈ ಕುಲುಕಿದರು. ಕೇಬಲ್ಲಿನವನು ಚಪ್ಪಾಳೆ ತಟ್ಟಿದ.

ಚಿಕ್ಕವಳು ಚಪ್ಪಾಳೆ ತಟ್ಟಲಿಲ್ಲ. ಅವಳು ದೊಡ್ಡವಳನ್ನೇ ನೋಡುತ್ತಿದ್ದಳು, ಒಂದು ಲೆಕ್ಕವನ್ನು ನಿಧಾನವಾಗಿ ಬಿಡಿಸುವವರ ಹಾಗೆ. ಮಧ್ಯಾಹ್ನ ಇಬ್ಬರೂ ಬಸ್ ನಿಲ್ದಾಣಕ್ಕೆ ನಡೆದರು. ರಸ್ತೆ ಅಗೆದಿದ್ದರು, ಪೈಪುಗಳ ಪಕ್ಕದಲ್ಲಿ ಒಬ್ಬರ ಹಿಂದೆ ಒಬ್ಬರು ನಡೆಯಬೇಕಾಗಿತ್ತು. ಚಿಕ್ಕವಳು ಹಿಂದಿನಿಂದ ಕೇಳಿದಳು.

“ಬುಧವಾರ ನಾನು ಕೇಳಿದಾಗ ನಿಮಗೆ ಗೊತ್ತಿತ್ತಾ ಅಕ್ಕ?”

ಹಿಂತಿರುಗಿ ನೋಡದೆ ಸುಳ್ಳು ಹೇಳುವುದು ಸುಲಭವಿತ್ತು. ದೊಡ್ಡವಳಿಗೆ ಸುಳ್ಳೂ ಸಾಕಾಗಿತ್ತು.

“ಗೊತ್ತಿತ್ತು.”

“ಸರಿ,” ಅಂದಳು ಚಿಕ್ಕವಳು. ಬಸ್ಸು ಬಂತು, ಅವಳು ಅಕ್ಕನಿಗೆ ಕಿಟಕಿಯ ಪಕ್ಕದ ಜಾಗ ಬಿಟ್ಟಳು, ಟಿಕೆಟ್ಟನ್ನೂ ತಾನೇ ತೆಗೆಸಿದಳು. ಯಾಕೆ ಅಂತ ಕೇಳಲಿಲ್ಲ. ಯಾಕೆ ಅಂತ ಕೇಳಿದ್ದರೆ ಹೇಳಲು ದೊಡ್ಡವಳ ಹತ್ತಿರ ಟೀವಿ ಇತ್ತು, ಬನಿಯನ್ ಇತ್ತು, ಡಾಕ್ಟರುಗಳ ಫೋನಿತ್ತು. ಬಸ್ಸಿನ ಕುಲುಕಾಟದಲ್ಲಿ ಅವೆಲ್ಲ ಹೇಳಲು ನಾಚಿಕೆಯಾಗುವಷ್ಟು ಸಣ್ಣದಾಗಿ ಕಂಡವು.

ಮನೆಯಲ್ಲಿ ಸುದ್ದಿ ಹೇಳಿದ್ದೂ ಚಿಕ್ಕವಳೇ. ಅಕ್ಕನಿಗೆ ಮ್ಯಾನೇಜರ ಜಾಗ ಸಿಕ್ಕಿತು ಅಂದಳು, ಅದಕ್ಕಿಂತ ಒಂದಕ್ಷರ ಹೆಚ್ಚು ಆಡಲಿಲ್ಲ. ಅತ್ತೆ ದೊಡ್ಡವಳ ಬೆನ್ನು ಸವರಿದರು. ಗಂಡ ಟೀವಿಯ ಸದ್ದು ಕಡಿಮೆ ಮಾಡಿ, ಭಲೇ ಅಂದ. ವರ್ಷದಿಂದ ಯಾವುದಕ್ಕಾಗಿ ಹೊಟ್ಟೆ ಉರಿದುಕೊಂಡಿದ್ದಳೋ ಅದೆಲ್ಲ ಒಂದೇ ಸಂಜೆಗೆ ಕಾಲ ಬಳಿ ಬಂದು ಬಿದ್ದಿತ್ತು.

ಅಡುಗೆಮನೆಯಲ್ಲಿ ಒಲೆಯ ಮೇಲೆ ತರಕಾರಿ ಬೇಯುತ್ತಿತ್ತು. ಚಿಕ್ಕವಳು ಒಳಗೆ ಬಂದು ಉಪ್ಪಿನ ಡಬ್ಬಿಗೆ ಕೈ ಹಾಕಿದಳು.

“ಉಪ್ಪು ಹಾಕಿದೀನಿ,” ಅಂದಳು ದೊಡ್ಡವಳು.

ಈ ಮನೆಗೆ ಬಂದಾಗಿನಿಂದ, ಅಕ್ಕ ಹಾಕಿದ್ದೇನೆ ಅಂದ ಮೇಲೆ ಚಿಕ್ಕವಳು ಪಾತ್ರೆಯ ಕಡೆ ತಿರುಗಿ ನೋಡಿದವಳಲ್ಲ. ಈಗ ಡಬ್ಬಿಯ ಮುಚ್ಚಳ ಹಾಕಿ, ಸೌಟಿನಿಂದ ಸ್ವಲ್ಪ ಅಂಗೈಗೆ ಬಿಟ್ಟುಕೊಂಡು, ಊದಿ, ರುಚಿ ನೋಡಿದಳು.

“ಹೌದು, ಹಾಕಿದೀರಿ,” ಅಂದಳು.